ನಮ್ಮ ನಾರಿನ ಕಾರ್ಖಾನೆಯ ನಾಲ್ಕು ಸರಕುಗಳು

ಒಂದೇ ಸರಕು ಮಾಡುವ ಕಾರ್ಖಾನೆಯಲ್ಲಿ ವರ್ಷಕ್ಕೊಂದು ತಮಾಷೆ ನಡೆದೀತು. ನಾಲ್ಕು ಸರಕು ಮಾಡಲು ಹೊರಟರೆ ತಮಾಷೆಗೆ ಹೊತ್ತುಗೊತ್ತೇ ಇರುವುದಿಲ್ಲ. ಬೋರ್‌ವೆಲ್ಲುಗಳು ಊರೂರಿಗೆ ಬರುತ್ತಿದ್ದ ಕಾಲದಲ್ಲಿ ನಾನು ತಿಪಟೂರಿನ ಒಂದು ತೆಂಗಿನ ನಾರಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದೆ. ನನ್ನನ್ನೂ ಸೇರಿಸಿ ಕೆಲಸಗಾರರು ಹನ್ನೆರಡು ಜನ. ಮಾಡುತ್ತಿದ್ದುದು ಬಾವಿ ಹಗ್ಗ ಒಂದೇ.

೧. ಗಟ್ಟಿ ಹಗ್ಗ

ಒಂದು ದಿನ ಹಾಲ್ಕುರಿಕೆ ಕಡೆಯ ರೈತರೊಬ್ಬರು ಬಂದರು. ಯಜಮಾನರು ಖುಷಿಯಿಂದ, "ಹೊಸ ಹಗ್ಗ ಬೇಕೇನಪ್ಪ?" ಎಂದರು.

"ಯಾತಕ್ಕೆ ಯಜಮಾನ್ರೇ? ನಮ್ಮಪ್ಪ ತಂದಿದ್ದೇ ಇನ್ನೂ ಅದೆ. ಮೂರು ಕೊಡ ಹೋಯ್ತು, ಎರಡು ರಾಟೆ ಹೋಯ್ತು, ನಮ್ಮಪ್ಪನೂ ಹೋದ್ರು. ಹಗ್ಗಕ್ಕೇನೂ ಆಗಿಲ್ಲ. ಈಗ ಊರಿಗೆ ಬೋರ್‌ವೆಲ್ ಬಂತು. ಅದಕ್ಕೇ ನಿಮಗೇ ವಾಪಸ್ ಕೊಡಾನ ಅಂತ ತಂದೆ."

ಅವರು ಹೋದ ಮೇಲೆ ಯಜಮಾನರು ನಮ್ಮನ್ನೆಲ್ಲ ಕೂರಿಸಿಕೊಂಡರು. "ಹಗ್ಗ ಒಂದನ್ನೇ ನೆಚ್ಕೊಂಡ್ರೆ ಬಾಗಿಲು ಹಾಕ್ಬೇಕಾಗ್ತದೆ. ಬೇರೆ ಬೇರೆ ಸರಕು ಮಾಡಾನ. ಒಬ್ಬರನ್ನೂ ಮನೆಗೆ ಕಳಿಸೋದು ನಂಗಿಷ್ಟ ಇಲ್ಲ."

ಹಗ್ಗ ಹೊಸೆಯುವುದು ಬಿಟ್ಟರೆ ನನಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಯಜಮಾನರು ವಾಪಸು ಬಂದ ಹಗ್ಗವನ್ನು ಎಳೆದೆಳೆದು ನೋಡಿ ನನ್ನ ಕಡೆ ತಿರುಗಿದರು. "ಇನ್ಮೇಲಾದ್ರೂ ಸವೆಯೋ ಅಂಥದ್ದು ಮಾಡು ಮೇಸ್ತ್ರಿ."

೨. ಸುಸ್ವಾಗತ

ಮೊದಲು ಮಾಡಿದ್ದು ಬಾಗಿಲಿಗೆ ಹಾಕುವ ಕಾಲೊರಸು. ಚೆಂದ ಕಾಣಲೆಂದು ಕೆಂಪು ನಾರಿನಲ್ಲಿ 'ಸುಸ್ವಾಗತ' ಎಂದು ನೇಯ್ದೆವು. ಮೊದಲನೆಯದನ್ನು ಯಜಮಾನರು ತಮ್ಮ ಮನೆ ಬಾಗಿಲಿಗೇ ಹಾಕಿದರು. ಅಂದಿನಿಂದ ಅವರ ತಾಯಿ ಹಿತ್ತಲ ಬಾಗಿಲಲ್ಲಿ ಓಡಾಡತೊಡಗಿದರು.

"ಅಕ್ಷರ ಅಂದ್ರೆ ಸರಸ್ವತಿ ಕಣಪ್ಪ. ಅದರ ಮೇಲೆ ಕಾಲಿಟ್ಟು ನಾನ್ಯಾವ ನರಕಕ್ಕೆ ಹೋಗ್ಲಿ?"

ಊರಲ್ಲೆಲ್ಲ ಅದೇ ಮಾತು. ಕೊಂಡವರ ಮನೆಗೆ ಬಂದ ನೆಂಟರು ಅದನ್ನು ಹಾರಿ ದಾಟುತ್ತಿದ್ದರು. ಒಬ್ಬರಂತೂ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡರಂತೆ. ಒಂದು ಕೋಣೆ ತುಂಬ ಸುಸ್ವಾಗತ ಬಿದ್ದಿತ್ತು.

ಕೊನೆಗೆ ನಾರು ಬಿಡಿಸುವ ಹೆಂಗಸೊಬ್ಬಳು, "ಗ್ವಾಡೆಗೆ ನೇತಾಕಿ ಬುಡ್ರೀ" ಎಂದಳು. ಕುಣಿಕೆ ಹೊಲಿದು ಗೋಡೆಗೆ ಹಾಕುವ ಅಲಂಕಾರವೆಂದು ಮಾರಿದೆವು, ಕೆಳಗೆ ಹಾಸಲು ಅಕ್ಷರವಿಲ್ಲದ್ದನ್ನು ಬೇರೆ ಮಾಡಿದೆವು. ಒಂದು ಕೊಳ್ಳಲು ಬಂದವರು ಎರಡು ಕೊಂಡು ಹೋದರು. ಯಜಮಾನರ ತಾಯಿ ಗೋಡೆಯದಕ್ಕೆ ದಿನಾ ಕುಂಕುಮ ಇಟ್ಟು, "ಕಾರ್ಖಾನೆ ನಡೀತಿರೋದು ಇದರಿಂದ್ಲೇ" ಎನ್ನುತ್ತಿದ್ದರು.

೩. ಪಾತ್ರೆ ಬ್ರಷ್ಷು

ಗೆಲುವು ತಲೆಗೇರಿತು. ಪಾತ್ರೆ ಉಜ್ಜುವ ಬ್ರಷ್ಷು ಮಾಡಿದೆವು. ಮೂರನೇ ದಿನ ಪಕ್ಕದ ಬೀದಿಯ ಹೆಂಗಸೊಬ್ಬರು ಗೀರುಬಿದ್ದ ಅಲ್ಯೂಮಿನಿಯಂ ಪಾತ್ರೆ ಹಿಡಿದು ಬಂದರು.

"ಇದೇನು ಬ್ರಷ್ಷೋ ಗರಗಸವೋ?"

ನಾನು ಹೆದರಿ, "ಬ್ರಷ್ ವಾಪಸ್ ಕೊಡಿ ತಾಯಿ" ಎಂದೆ.

"ವಾಪಸ್ ಯಾಕೆ ಕೊಡ್ಲಿ? ನಮ್ಮನೆಯೋರು ಅದ್ರಲ್ಲಿ ಎಮ್ಮೆ ಮೈ ತೊಳುದ್ರು. ಎಮ್ಮೆ ಕಣ್ಮುಚ್ಕಂಡು ನಿಂತ್ಕಂತು."

ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಬಂದರು. "ಸವೆದೋಯ್ತು, ಇನ್ನೆರಡು ಕೊಡಿ. ಅದಿಲ್ದಿದ್ರೆ ಎಮ್ಮೆ ಹಾಲು ಬುಡಲ್ಲ." ಸವೆದುಹೋಯಿತು ಎಂಬ ಮಾತನ್ನು ಅಷ್ಟು ಸಂತೋಷದಿಂದ ಕೇಳಿದ ಯಜಮಾನರನ್ನು ನಾನು ಬೇರೆಲ್ಲೂ ಕಂಡಿಲ್ಲ.

೪. ಪರೀಕ್ಷೆ

ಆದರೂ ಇವೆಲ್ಲ ಚಿಲ್ಲರೆ ವ್ಯಾಪಾರ. ಹನ್ನೆರಡು ಜನರ ಕೆಲಸ ಉಳಿಯಲು ದೊಡ್ಡ ಆರ್ಡರೇ ಬೇಕಿತ್ತು. ನಾರು ತುಂಬಿದ ಹಾಸಿಗೆ ಮಾಡಿ, ವಿದ್ಯಾರ್ಥಿ ನಿಲಯಗಳಿಗೆ ಸರಬರಾಜು ಮಾಡಲು ಅರ್ಜಿ ಹಾಕಿದೆವು. ಪರೀಕ್ಷೆಗೆ ಒಬ್ಬ ಅಧಿಕಾರಿ ಬಂದರು. ಬಲು ಕಟ್ಟುನಿಟ್ಟು. ಊಟ ಬೇಡವೆಂದರು, ಯಜಮಾನರ ತಾಯಿ ಬಿಡಲಿಲ್ಲ. ಕಾಯಿ ಒಬ್ಬಟ್ಟಿಗೆ ತುಪ್ಪ ಸುರಿದು ನಾಲ್ಕು ಬಡಿಸಿದರು.

ಊಟವಾದ ಮೇಲೆ ಅಧಿಕಾರಿ ಬೂಟು ಬಿಚ್ಚಿದರು. "ನಾರಿನ ಹಾಸಿಗೆ ಚುಚ್ಚುತ್ತೆ ಅಂತ ದೂರಿದೆ. ಐದು ನಿಮಿಷ ಮಲಗಿ ನೋಡ್ತೀನಿ. ಚುಚ್ಚಿದ್ರೆ ಅರ್ಜಿ ವಜಾ."

ಮಲಗಿದರು. ನಾವು ಸುತ್ತ ನಿಂತೆವು. ಐದು ನಿಮಿಷಕ್ಕೆ ಸರಿಯಾಗಿ ಗೊರಕೆ ಶುರುವಾಯಿತು. ಯಜಮಾನರು ಸನ್ನೆ ಮಾಡಿ ಯಂತ್ರ ನಿಲ್ಲಿಸಿದರು. ಹನ್ನೆರಡು ಜನವೂ ತುದಿಗಾಲಲ್ಲಿ ಓಡಾಡಿದೆವು, ಒಬ್ಬಳು ಮೊರದಲ್ಲಿ ನೊಣ ಓಡಿಸಿದಳು. ಅವರು ಕಣ್ಣು ಬಿಟ್ಟಾಗ ಬಿಸಿಲು ಇಳಿದು, ಸಂಜೆ ರೈಲು ಕೂಗುತ್ತಿತ್ತು.

"ಎಷ್ಟೊತ್ತಾಯ್ತು?"

"ಐದು ನಿಮಿಷ ಸಾರ್" ಎಂದರು ಯಜಮಾನರು.

ಅಧಿಕಾರಿ ಗಡಿಯಾರ ನೋಡಿದರು, ನಮ್ಮ ಮುಖಗಳನ್ನು ನೋಡಿದರು, ಫಾರಂ ತೆಗೆದು 'ಒಪ್ಪಿಗೆ' ಎಂದು ಬರೆದರು. ನಾನು ಅತ್ತುಬಿಟ್ಟೆ, ನಾಚಿಕೆಯೇನಿಲ್ಲ. ಹನ್ನೆರಡು ಮನೆಯ ಒಲೆ ಆ ಒಂದು ಪದದಲ್ಲಿ ಉಳಿದಿತ್ತು.

ಅದರ ಕೆಳಗೆ 'ಕಂಡುಬಂದ ದೋಷಗಳು' ಎಂಬ ಇನ್ನೊಂದು ಕಾಲಂ ಇತ್ತು. ಪ್ರಾಮಾಣಿಕ ಮನುಷ್ಯ, ಖಾಲಿ ಬಿಡಲು ಮನಸ್ಸಾಗಲಿಲ್ಲ. ಸ್ವಲ್ಪ ಯೋಚಿಸಿ ಬರೆದರು: "ವಿದ್ಯಾರ್ಥಿಗಳು ಬೆಳಗಿನ ಪಾಠಕ್ಕೆ ಏಳುವುದು ಅನುಮಾನ."