ಅತ್ತೆ ಓದಿದ ಪುರಾಣ

ಬೈಯುವ ಅತ್ತೆಯ ಜೊತೆ ಹೇಗೋ ಬಾಳಬಹುದು ನೋಡ್ರಿ. ಓದುವ ಅತ್ತೆಯ ಜೊತೆ ಬಾಳಿ ತೋರಿಸಿ!

ನಮ್ಮ ಅತ್ತೆಗೆ ಅಕ್ಷರ ಕಂಡರೆ ಸಾಕು. ಭಜಿ ಕಟ್ಟಿಕೊಟ್ಟ ಪೇಪರನ್ನೂ ಎಣ್ಣೆ ಒರೆಸಿ ಓದುತ್ತಾರೆ. ಹುಮನಾಬಾದಿನ ಬಸ್ಸಿನಲ್ಲಿ ಮುಂದೆ ಕುಳಿತವರ ಪೇಪರಿಗೆ ಕತ್ತು ಚಾಚಿ, “ತಡೀರಿ ಯಪ್ಪಾ, ಪುಟಾ ತಿರುವಬ್ಯಾಡ್ರಿ, ನಂದಿನ್ನಾ ಮುಗಿದಿಲ್ಲ” ಅನ್ನುತ್ತಾರೆ. ನಾನು ಸೆರಗು ಮುಖಕ್ಕೆ ಎಳೆದುಕೊಂಡು ಕಿಟಕಿಯಾಚೆಯ ತೊಗರಿ ಹೊಲ ನೋಡುತ್ತೇನೆ. ಮತ್ತೇನು ಮಾಡಲಿ?

ಈ ಸಲ ಶ್ರಾವಣದಲ್ಲಿ ನಾನೇ ಲೈಬ್ರರಿಯಿಂದ ಒಂದು ಆತ್ಮಕಥೆ ತಂದುಕೊಟ್ಟೆ. ಹೊಲದಲ್ಲಿ ಕೂಲಿ ಮಾಡುವವರ ಮಗಳೊಬ್ಬಳು ತನ್ನ ಬದುಕನ್ನು ತಾನೇ ಬರೆದದ್ದು. ತಂದು ಕೆಟ್ಟೆ! ಅತ್ತೆ ಅದನ್ನು ಪುರಾಣದಂತೆ ಓದತೊಡಗಿದರು. ಸಂಜೆಗೆ ಪಡಸಾಲೆಯಲ್ಲಿ ಮಣೆ ಹಾಕಿ, ಊದಿನಕಡ್ಡಿ ಹಚ್ಚಿ, ಓಣಿಯ ಹೆಂಗಸರನ್ನೆಲ್ಲ ಕೂಡಿಸಿ! ಪುರಾಣದಲ್ಲಿ ಶರಣರು ಹುಟ್ಟುವ ದಿನ ತೊಟ್ಟಿಲು ಕಟ್ಟುತ್ತಾರಲ್ಲ, ಹಾಗೇ ಲೇಖಕಿ ಹುಟ್ಟಿದ ಅಧ್ಯಾಯಕ್ಕೂ ತೊಟ್ಟಿಲು ಕಟ್ಟಿಸಿ ಜೋಗುಳ ಹಾಡಿಸಿದರು.

“ಅತ್ತಿ, ಆಕಿ ಇನ್ನಾ ಬದುಕಿದ್ದಾಳ್ರಿ!” ಅಂದೆ.

“ಇದ್ರೇನಾತು? ಹುಟ್ಟಿಲ್ಲೇನು?” ಅಂದರು ಗುಗ್ಗರಿ ಹಂಚುತ್ತ.

ಕೆಲವು ದಿನಗಳ ಮೇಲೆ ಇನ್ನೊಂದು ಅಧ್ಯಾಯ ಬಂತು. ಆ ಹುಡುಗಿಯ ತಾಯಿಗೆ ಹೊಲದ ಒಡೆಯರ ಮನೆಯಲ್ಲಿ ಬೇರೆ ಲೋಟದಲ್ಲಿ ಚಹಾ ಕೊಡುತ್ತಾರೆ. ಆ ಲೋಟ ಮನೆಯ ಹೊರಗಿನ ಗೂಡಿನಲ್ಲಿರುತ್ತದೆ. ಅತ್ತೆ ಓದುವುದನ್ನು ನಿಲ್ಲಿಸಿದರು. ಎದ್ದುಹೋಗಿ ನಮ್ಮ ಹಿತ್ತಲ ಗೋಡೆಯ ಗೂಡಿನಿಂದ ನೆಗ್ಗಿದ ಅಲ್ಯೂಮಿನಿಯಂ ಲೋಟ ತಂದು ಎಲ್ಲರ ನಡುವೆ ಇಟ್ಟರು. ಮೋರಖಂಡಿಯಿಂದ ನಮ್ಮ ಹೊಲದ ಕೆಲಸಕ್ಕೆ ಬರುವ ಕಮಳಾಬಾಯಿಯ ಲೋಟ. ಎಲ್ಲರಿಗೂ ಗೊತ್ತಿದ್ದದ್ದೇ.

“ಇವತ್ತ ಮಂಗಳಾರತಿ ಬ್ಯಾಡ,” ಅಂದರು ಅತ್ತೆ. “ಇನ್ನ ಮ್ಯಾಲೆ ನನ್ನ ಚಹಾ ಇದ್ರಾಗ. ಕಮಳಾಬಾಯಿಗಿ ಒಳಗಿನ ಕಪ್ಪು.”

ಪುಸ್ತಕ ಅಲ್ಲಿಗೇ ನಿಂತಿತು. ನನ್ನ ಮಾನ ಹರಾಜಾಗುವುದು ಶುರುವಾಯಿತು! ನನ್ನ ಮಗಳನ್ನು ನೋಡಲು ಹುಮನಾಬಾದಿನಿಂದ ಗಂಡಿನ ಕಡೆಯವರು ಬಂದಾಗ ಅತ್ತೆ ಅದೇ ಲೋಟ ಹಿಡಿದು ನಟ್ಟನಡುವೆ ಕುಳಿತರು. ಗುಟುಕಿಗೊಮ್ಮೆ ಚಹಾ ಗದ್ದದಿಂದಿಳಿದು ಸೀರೆಯ ಮೇಲೆ ತೊಟ್ಟಿಕ್ಕುತ್ತಿತ್ತು.

“ಇದ್ಯಾಕ್ರಿ ಬಾಯಾರ, ಈ ಗಿಲಾಸ?” ಹುಡುಗನ ತಾಯಿ ಕೇಳಿದರು.

ಅತ್ತೆ ಹೇಳಿದರು. ಎಲ್ಲವನ್ನೂ ಹೇಳಿದರು! ಹೇಳಿ, “ನಿಮ್ಮ ಮನ್ಯಾಗೂ ಒಂದು ಅದ ಏನ್ರಿ?” ಅಂತ ಕೇಳಿಯೂಬಿಟ್ಟರು. ಉಪ್ಪಿಟ್ಟು ಅರ್ಧಕ್ಕೇ ಉಳಿಯಿತು. ಬಂದವರು ಎದ್ದು ಹೋದರು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನಿಸಿತು.

ಸೀರೆಯ ಕಲೆ ಮಾತ್ರ ದಿನವೂ ಹೆಚ್ಚುತ್ತಿತ್ತು. ವಯಸ್ಸಾಗಿ ಕೈ ನಡುಗುತ್ತಿರಬೇಕೆಂದು ಹುಮನಾಬಾದಿನ ಡಾಕ್ಟರರ ಬಳಿ ಕರೆದೊಯ್ದೆ. “ಇವರ ಕೈ ನನ್ನ ಕೈಗಿಂತ ಗಟ್ಟಿ ಅವ,” ಅಂದರು ಡಾಕ್ಟರು. ಅತ್ತೆ ಗೋಡೆಯ ಮೇಲಿನ ಸಕ್ಕರೆ ಕಾಯಿಲೆಯ ಪೋಸ್ಟರ್ ಓದುವುದರಲ್ಲಿ ಮುಳುಗಿದ್ದರು.

ಮೊನ್ನೆ ಕಮಳಾಬಾಯಿ ಪಡಸಾಲೆಯಲ್ಲಿ ಅತ್ತೆಯ ಎದುರಿಗೇ ಕುಳಿತು ಹೂವಿನ ಕಪ್ಪಿನಲ್ಲಿ ಚಹಾ ಕುಡಿಯುತ್ತಿದ್ದರು. ಅತ್ತೆಯ ಸೀರೆ ಮತ್ತೆ ತೋಯ್ದಿತು. ಕಮಳಾಬಾಯಿ ನೋಡುವಷ್ಟು ನೋಡಿ, ತಡೆಯಲಾರದೆ ಎದ್ದುಬಂದು, ಲೋಟವನ್ನು ಅತ್ತೆಯ ಕೈಯಲ್ಲೇ ಮೆಲ್ಲಗೆ ತಿರುಗಿಸಿದರು.

“ಆ ಕಡೆ ಅಂಚಿಗಿ ಸೀಳು ಅದರಿ, ಸೋರ್ತದ. ಈ ಕಡಿಂದ ಕುಡೀಬೇಕು.”

“ಯಾವಾಗಿಂದ ಅದ ಇದು?”

“ನೀವು ಕೊಟ್ಟಾಗಿಂದ್ರಿ.”

“ಒಂದ ಮಾತ ಹೇಳಬಾರದಿತ್ತೇನ?”

“ಹೇಳಿದ್ರ ಯಾರು ಮುಟ್ಟಿ ನೋಡ್ತಿದ್ರಿ, ಬಾಯಾರ?”

ಇಷ್ಟು ದಿನ ನಾನು ನಾಚಿದ್ದು ಆ ಸೀರೆಯ ಕಲೆಗೆ! ಕಮಳಾಬಾಯಿಯ ಮುಖ ನೋಡಲಾಗದೆ ತಲೆ ತಗ್ಗಿಸಿದೆ. ಅವರು ತಮ್ಮ ಸೆರಗಿನ ತುದಿಯಿಂದ ಅತ್ತೆಯ ಗದ್ದ ಒರೆಸಿ, ಮಣೆಯ ಮೇಲಿದ್ದ ಪುಸ್ತಕದ ಕಡೆ ಕೈ ತೋರಿಸಿದರು.

“ಆ ಹುಡುಗಿ ಮುಂದ ಏನಾದ್ಲರಿ? ಓದ್ರಲ್ಲ, ನಾನೂ ಕೇಳ್ತೀನಿ.”

ಅತ್ತೆ ಪುಸ್ತಕ ತೆರೆದರು. ಭಜಿಯ ಪೇಪರನ್ನೂ ಬಿಡದ ನಮ್ಮ ಅತ್ತೆಗೆ ಒಂದು ಸಾಲೂ ಓದಲಾಗಲಿಲ್ಲ.