ಹುಳಕ್ಕೆ ಬಿಟ್ಟ ಸಾಲು

ಮನೆಗೆ ಯಾರಾದರೂ ಬರುತ್ತಾರೆಂದು ಗೊತ್ತಾದರೆ ಸಾಕು, ವೆಂಕಮ್ಮನ ಕೈ ಸುಮ್ಮನಿರುವುದಿಲ್ಲ. ಆ ಮಂಗಳವಾರ ಮಧ್ಯಾಹ್ನ ಮೂರಕ್ಕೆ ಗಡ್ಡೆ ಬೆಳೆಗಳ ಸಂಶೋಧನಾ ಕೇಂದ್ರದಿಂದ ಮೇಡಂ ಬರುವವರಿದ್ದರು. ಬೆಳಿಗ್ಗೆ ಎಂಟರೊಳಗೆ ಅಂಗಳಕ್ಕೆಲ್ಲ ಸಗಣಿ ಸಾರಿಸಿ ಆಗಿತ್ತು. ಇರುವೆ ನುಗ್ಗುವಷ್ಟು ಬಿರುಕೂ ಉಳಿದಿರಲಿಲ್ಲ. ಅವಳು ಅಷ್ಟಕ್ಕೇ ನಿಲ್ಲಿಸಿದ್ದರೆ ಮಗ ಉದಯನ ಪಾಡು ಬೇರೆ ಇರುತ್ತಿತ್ತು.

ಉದಯ ಆರು ವರ್ಷದಿಂದ ಹುಳ ಹಿಡಿಯದ ಗೆಣಸಿನ ತಳಿ ಕಟ್ಟುತ್ತಿದ್ದ. ನಂದೊಳ್ಳಿಯಲ್ಲಿ ಎಲ್ಲರೂ ಬಳ್ಳಿ ತುಂಡು ಮಾಡಿ ನೆಟ್ಟರೆ ಇವನು ಬೆಳಗಾದೊಡನೆ ಹೂವಿಂದ ಹೂವಿಗೆ ಪರಾಗ ಸವರಿ, ಬೀಜ ಹಿಡಿದು, ಅದರಲ್ಲಿ ಹುಳ ಕಡಿಮೆ ಇದ್ದದ್ದನ್ನೇ ಆರಿಸಿ ಮತ್ತೆ ನೆಡುತ್ತಿದ್ದ. ಊರವರು ಅವನನ್ನು ನೋಡಿ ಆರು ವರ್ಷ ನಕ್ಕಿದ್ದರು. ಇವತ್ತು ಮೇಡಂ ಒಪ್ಪಿದರೆ ತಳಿ ಕೇಂದ್ರದ ಹೊಲಕ್ಕೆ ಹೋಗುತ್ತದೆ, ‘ನಂದೊಳ್ಳಿ ಉದಯ’ ಎಂಬ ಹೆಸರಿನ ಹಲಗೆಯ ಸಮೇತ. ಹಲಗೆಗೆ ಅವನು ಆಗಲೇ ಬಣ್ಣ ಹೊಡೆಸಿ ಇಟ್ಟಿದ್ದ.

ಪರೀಕ್ಷೆಗೆ ಒಂದು ನಿಯಮವಿತ್ತು. ಹೊಸ ತಳಿಯ ಪಕ್ಕದಲ್ಲೇ ಊರ ಗೆಣಸಿನ ಒಂದು ಸಾಲನ್ನು ಹುಳ ತಿನ್ನಲೆಂದೇ ಬಿಡಬೇಕು. ಅದಕ್ಕೆ ಹುಳ ಹಿಡಿದು, ಇದಕ್ಕೆ ಹಿಡಿಯದಿದ್ದರೆ ಮಾತ್ರ ತಳಿ ಗೆದ್ದಂತೆ. ಎರಡೂ ಚೊಕ್ಕವಾಗಿದ್ದರೆ ಆ ಗದ್ದೆಗೆ ಹುಳವೇ ಬಂದಿಲ್ಲ ಎಂದು ಬರೆದುಕೊಂಡು ಹೋಗುತ್ತಾರೆ.

ಸ್ನಾನ ಮುಗಿಸಿ, ಹೊಸ ಅಂಗಿ ತೊಟ್ಟು ಗದ್ದೆಗೆ ಹೋದ ಉದಯ ಹುಳಕ್ಕೆ ಬಿಟ್ಟ ಸಾಲಿನಲ್ಲಿ ಒಂದು ಗಡ್ಡೆ ಕಿತ್ತು ನೋಡಿದ. ಒಂದು ತೂತಿಲ್ಲ. ಇನ್ನೊಂದು ಕಿತ್ತ. ಅದೂ ಮದುಮಗಳ ಕೆನ್ನೆಯ ಹಾಗಿತ್ತು. ಬಳ್ಳಿಗೂ ಗಡ್ಡೆಗೂ ಸಂಬಂಧವೇ ಇರಲಿಲ್ಲ, ಮಣ್ಣಿನಲ್ಲಿ ಸುಮ್ಮನೆ ಹೂತಿತ್ತು.

“ಅಮ್ಮಾ!”

“ಎಂತ ಕೂಗ್ತೆ? ನಾನೇ ತೆಗ್ದೆ” ಎಂದಳು ವೆಂಕಮ್ಮ. “ಒಂದೊಂದೂ ಹುಳ ಬಿದ್ದು ನಾರ್ತಿತ್ತು. ಮೇಡಂ ಎದ್ರಿಗೆ ಅದನ್ನ ಕಿತ್ತು ತೋರ್ಸೂಕಾಗ್ತದಾ? ಸಂತೆಯಿಂದ ತಂದದ್ದನ್ನ ಹುಗ್ದಿಟ್ಟೆ.”

“ಹುಳದ್ದು ಎಲ್ಲಿ ಹಾಕ್ದೆ?”

“ಬಚ್ಚಲ ಒಲೆಗೆ. ಈಗ ಮಿಂದ್ಯಲ್ಲ, ಅದೇ ನೀರು.”

ಉದಯ ತನ್ನ ಹೊಸ ಅಂಗಿಯನ್ನು ನೋಡಿಕೊಂಡ. ಇಡೀ ಬೆಳೆಯ ಸಾಕ್ಷ್ಯವನ್ನು ಅವನು ತಲೆಯ ಮೇಲೆ ಸುರಿದುಕೊಂಡು ಬಂದಿದ್ದ. ಈಗ ಉಳಿದ ದಾರಿ ಒಂದೇ, ಮೂರರೊಳಗೆ ಎಲ್ಲಿಂದಲಾದರೂ ಹುಳುಕು ಗೆಣಸು ತರಬೇಕು.

ಪಕ್ಕದ ಗದ್ದೆಯ ಬೈರ ಅಂಗಳದಲ್ಲಿ ಕೂತು ಗೆಣಸು ಆರಿಸುತ್ತಿದ್ದ. ಉದಯ ಬಾಯಿ ಬಿಟ್ಟಿದ್ದೇ ತಡ, ಒಂದು ರಾಶಿಯ ಮೇಲೆ ಗೋಣಿ ಎಳೆದ.

“ನಮ್ಮನೆ ಗೆಣಸಿಗೆ ಹುಳನಾ? ಯಾರು ಹೇಳಿದ್ದು ನಿಂಗೆ?”

“ಯಾರೂ ಹೇಳ್ಲಿಲ್ಲ ಬೈರಣ್ಣ. ಇದ್ರೆ ಕೊಡು ಅಂದೆ.”

“ನನ್ನಪ್ಪನ ಕಾಲದಿಂದ ಈ ಗದ್ದೆಗೆ ಹುಳ ಬಂದದ್ದಿಲ್ಲ. ಆ ಚೌಡಮ್ಮನ ಮನೇಲಿ ಕೇಳು ಹೋಗು, ಅಲ್ಲಿ ಬೇಕಷ್ಟು ಇರ್ತದೆ.”

ಗೋಣಿಯ ಅಂಚಿನಿಂದ ಇರುವೆಯಂಥ ಒಂದು ಮೂತಿಹುಳ ಹೊರಬಂದು ಬೈರನ ಕಾಲ್ಬೆರಳು ಹತ್ತಿತು. ಬೈರ ಅದನ್ನು ನೋಡಲಿಲ್ಲ. ಉದಯ ನೋಡಿ, ಚೌಡಮ್ಮನ ಮನೆಯ ದಾರಿ ಹಿಡಿದ.

ಚೌಡಮ್ಮ ಬಾಗಿಲಲ್ಲೇ ತಡೆದಳು. “ಮೆಲ್ಲಗೆ ಮಾತಾಡಾ! ಮೊಮ್ಮಗಳನ್ನ ನೋಡೂಕೆ ನಾಡಿದ್ದು ಹುಡ್ಗನ ಕಡೆಯೋರು ಬರೂರಿದ್ದಾರೆ. ಈ ಮನೆಗೆ ಹುಳ ಅಂತ ಯಾರ್ದಾದ್ರೂ ಕಿವಿಗೆ ಬಿದ್ರೆ ಎಂತ ಮಾಡೂದು?”

ಹನ್ನೊಂದರ ಹೊತ್ತಿಗೆ ಊರಲ್ಲಿ ಸುದ್ದಿಯಾಗಿತ್ತು. ಉದಯ ತನ್ನ ಗೆಣಸನ್ನು ಮೇಲೆ ಮಾಡಿಕೊಳ್ಳಲು ಊರವರ ಗೆಣಸಿಗೆಲ್ಲ ಹುಳ ಎಂದು ಸಾರುತ್ತಿದ್ದಾನಂತೆ. ಚಾ ಅಂಗಡಿಯ ಎದುರು ನಾಲ್ಕು ಜನ ಅವನನ್ನು ಅಡ್ಡಗಟ್ಟಿ, ಯಾರ ಗದ್ದೆಯಲ್ಲಿ ಹುಳ ಕಂಡೆ, ಹೆಸರು ಹೇಳು ಎಂದು ಕೇಳಿದರು. ಅವನಿಗೆ ನಿಜವಾಗಿ ಅಳು ಬಂತು.

ಪಾರು ಮಾಡಿದವನು ಗೆಳೆಯ ಕೆರಿಯ. ಅಂಗಡಿಯ ಬೆಂಚಿನಿಂದ ಎದ್ದು, ಯಾರಿಗೂ ಹೇಳದವನ ಹಾಗೆ ಎಲ್ಲರಿಗೂ ಕೇಳುವಂತೆ ಹೇಳಿದ.

“ಇವ್ನು ಗುಟ್ಟು ಬಿಡ್ಲಿಲ್ಲ, ಮಾರಾಯ್ರೆ. ಯಾರ ಗೆಣಸಲ್ಲಿ ಹುಳ ಜಾಸ್ತಿ ಇದ್ಯೋ ಅವ್ರಿಗೆ ಮೇಡಂ ಹೊಸ ಬಳ್ಳಿ ಪುಕ್ಕಟೆ ಕೊಡ್ತಾರಂತೆ.”

ಮಧ್ಯಾಹ್ನ ಒಂದರ ಹೊತ್ತಿಗೆ ಉದಯನ ಅಂಗಳದಲ್ಲಿ ಹನ್ನೆರಡು ಬುಟ್ಟಿ ಹುಳುಕು ಗೆಣಸು ಸೇರಿತು. ಮೊದಲು ಬಂದವನು ಬೈರ.

“ಮುರ್ದು ನೋಡು ಬೇಕಾರೆ. ನಂದ್ರಲ್ಲಿ ಗೆಣಸಿಗಿಂತ ಹುಳವೇ ಹೆಚ್ಚು!”

“ನಿಂದೆಂತ ಹುಳ? ನಮ್ಮನೇದು ನಾಲ್ಕು ವರ್ಷದಿಂದ ದನವೂ ಮೂಸೂದಿಲ್ಲ” ಎಂದಳು ಚೌಡಮ್ಮ, ಎಲ್ಲರಿಗೂ ಕೇಳುವ ಹಾಗೆ.

ಉದಯ ಯಾರ ಮನಸ್ಸಿಗೂ ನೋವಾಗದ ಹಾಗೆ ಎಲ್ಲ ಬುಟ್ಟಿಯಿಂದ ನಾಲ್ಕು ನಾಲ್ಕು ಆರಿಸಿ ಸಾಲಿನಲ್ಲಿ ಹೂತ.

ಮೇಡಂ ವಾಣಿಶ್ರೀ ಸರಿಯಾಗಿ ಮೂರಕ್ಕೆ ಬಂದರು. ಊರು ಬದುವಿನ ಮೇಲೆ ನಿಂತಿತು. ಅವರು ಹುಳಕ್ಕೆ ಬಿಟ್ಟ ಸಾಲು ಅಗೆಸಿದರು. ಕೆಂಪು ಗೆಣಸು ಬಂತು, ಬಿಳಿ ಬಂತು, ಕೊನೆಗೆ ಹಳದಿಯೂ ಬಂತು.

“ಒಂದ ಬಳ್ಳಿಗೆ ಮೂರು ಬಣ್ಣ ಏನ್ರಿ?”

“ಊರ ಗೆಣಸು, ಮೇಡಂ. ಹಿಂಗೇ ಇರ್ತದೆ” ಎಂದ ಉದಯ. ಬೆವರು ಅಂಗಿ ದಾಟಿತ್ತು.

ಮೇಡಂ ಹುಬ್ಬು ಏರಿಸಿದರು. ಆದರೆ ಕತ್ತರಿಸಿದ್ದೆಲ್ಲ ಒಳಗೆ ಕಪ್ಪು ಸುರಂಗವೇ ಆಗಿತ್ತು. ಹೊಸ ತಳಿಯ ಸಾಲಲ್ಲಿ ಇಪ್ಪತ್ತು ಗಡ್ಡೆ ಸೀಳಿದರು. ಒಂದರಲ್ಲೂ ಹುಳವಿಲ್ಲ. “ಭಾಳ ಚಲೋ ಅದ” ಎಂದು ಪುಸ್ತಕ ತೆರೆದರು. ಉದಯನ ಕಣ್ಣು ತುಂಬಿತು. ಕೆರಿಯ ಹಲಗೆ ತರಲು ಓಡಿದ.

ಬರೆಯುತ್ತಿದ್ದ ಮೇಡಂ ನಿಲ್ಲಿಸಿ ನೆಲ ನೋಡಿದರು. “ಬಾಜೂಕಿನ ಗದ್ಯಾಗ ಬೆರಳು ಹೋಗೂವಷ್ಟು ಬಿರುಕು ಬಿಟ್ಟಾವು. ಗಡ್ಡಿ ದಪ್ಪ ಆದಂಗ ನೆಲ ಬಿರೀತದ, ಅದರಾಗ ಹಾಯ್ದ ಹುಳ ಒಳಗ ಹೋಗ್ತಾವು. ನಿಮ್ಮ ಹೊಸ ತಳಿ ಸಾಲಿನ್ಯಾಗ ಒಂದೂ ಬಿರುಕಿಲ್ಲ. ಯಾಕ್ರಿ?”

ಉದಯ ಇದಕ್ಕೂ ಸಿದ್ಧನಿದ್ದ. ಆರು ವರ್ಷ ಟಿಪ್ಪಣಿ ಮಾಡಿದ್ದ. “ಅದೂ ಈ ತಳಿಯ ಗುಣವೇ, ಮೇಡಂ. ಇದರ ಬುಡದಲ್ಲಿ ನೆಲ ಬಿರಿಯೂದಿಲ್ಲ.”

ಚಾ ಹಿಡಿದು ಬಂದ ವೆಂಕಮ್ಮ ಇದನ್ನು ಕೇಳಿ ಅಲ್ಲೇ ನಿಂತಳು.

“ತಳಿಯ ಗುಣವಂತೆ! ಆರು ವರ್ಷದಿಂದ ಸೊಂಟ ಮುರ್ಕಂಡು ಸಾರ್ಸೂದು ಯಾರು?”

“ಎಂತ ಸಾರ್ಸೂದು?”

“ನೀ ಬುಧವಾರ ಬುಧವಾರ ಯಲ್ಲಾಪುರಕ್ಕೆ ಹೋಗ್ತ್ಯಲ್ಲ, ಆಗ. ಸಗಣಿಗೆ ಬೂದಿ ಕಲ್ಸಿ ಬಿರುಕಿಗೆಲ್ಲ ತುಂಬಿ, ಮೇಲೆ ಮಣ್ಣು ಎಳೀತಿದ್ದೆ. ಬಿರಿದ ನೆಲ ನೋಡ್ಕಂಡು ಹೆಂಗೆ ಸುಮ್ನಿರೂದು?”

“ಈ ಸಾಲಿಗೆ ಮಾಡ್ಲಿಲ್ರಿ?” ಮೇಡಂ ಹುಳುಕು ಸಾಲು ತೋರಿಸಿದರು.

“ಅದು ಹುಳಕ್ಕೆ ಬಿಟ್ಟದ್ದು ಅಂತ ಇವ್ನೇ ಹೇಳಿದ್ದ. ಬಿಟ್ಟದ್ದಕ್ಕೆ ನಾ ಯಾಕೆ ಸಾರ್ಸ್ಲಿ?”

ಮೇಡಂ ಬರೆದದ್ದರ ಮೇಲೆ ಒಂದು ಗೆರೆ ಎಳೆದರು. “ಇದು ತಳಿ ಗುಣ ಅಲ್ರಿ ಉದಯ. ನಿಮ್ಮ ಅಮ್ಮಾರ ಗುಣ.” ಆಮೇಲೆ ಹೊಸ ಹಾಳೆ ತಿರುಗಿಸಿ, ಸಗಣಿಗೆ ಬೂದಿ ಎಷ್ಟು, ನೀರು ಎಷ್ಟು ಎಂದು ವೆಂಕಮ್ಮನನ್ನು ಕೇಳಿ ಬರೆದುಕೊಂಡರು. ಮುಂದಿನ ತಿಂಗಳು ಕೇಂದ್ರಕ್ಕೆ ಬಂದು ರೈತರಿಗೆ ತೋರಿಸಬೇಕೆಂದರು. ಫೋಟೋಕ್ಕೆ ವೆಂಕಮ್ಮ ಹಲಗೆಯ ಪಕ್ಕ ನಿಂತಳು. ಹಲಗೆಯನ್ನು ಕೆರಿಯ ಹಿಂದುಮುಂದಾಗಿ ಹಿಡಿದಿದ್ದ.

ಹೋಗುವಾಗ ಮೇಡಂ ಉದಯನಿಗೂ ಒಂದು ಮಾತು ಹೇಳಿದರು. “ಬೇಜಾರ ಮಾಡ್ಕೋಬ್ಯಾಡ್ರಿ. ಮತ್ತ ಮೊದಲಿಂದ ಹಚ್ರಿ. ಅಮ್ಮಾರನ್ನ ದೂರ ಇಟ್ಟು.”

ಊರವರು ಪುಕ್ಕಟೆ ಬಳ್ಳಿಯ ಮಾತು ಮರೆತು, ಸಗಣಿ ಕಲಸುವ ಕ್ರಮ ಕಲಿಯಲು ವೆಂಕಮ್ಮನ ಹಿಂದೆ ಕೊಟ್ಟಿಗೆಗೆ ಹೋದರು. ಉದಯ ಬದುವಿನ ಮೇಲೆ ಕೂತ. ಸಂಜೆ ಅಮ್ಮ ಅಲ್ಲಿಂದಲೇ ಕೂಗಿ ಹೇಳಿದಳು.

“ನಾಳೆಯಿಂದ ನಿನ್ ಸಾಲಿಗೆ ಸಾರ್ಸೂಕೆ ನಂಗೆ ಪುರ್ಸೊತ್ತಿಲ್ಲ. ಬೈರಣ್ಣ, ಚೌಡಕ್ಕ ಎಲ್ಲಾ ಕರ್ದಿದ್ದಾರೆ.”

ಬುಟ್ಟಿಗಳನ್ನು ವಾಪಸ್ಸು ಒಯ್ಯುವ ನೆನಪು ಯಾರಿಗೂ ಇರಲಿಲ್ಲ. ಹನ್ನೆರಡು ಮನೆಯ ಹುಳಗಳು ಒಂದೊಂದಾಗಿ ಬುಟ್ಟಿ ಇಳಿದು, ಅಚ್ಚುಕಟ್ಟಾಗಿ ಸಾರಿಸಿದ ಅಂಗಳ ದಾಟಿ, ಉದಯನ ಗದ್ದೆಯ ಕಡೆಗೆ ಹೊರಟಿದ್ದವು.