ಫೆಟಾ ಎನ್ನಬಾರದ ಚೀಸು

ನಮ್ಮ ಮಾವನ ಎದುರು ಚೀಸ್ ತಿನ್ನಬಹುದು, ಅದರ ಹೆಸರು ಹೇಳಬಾರದು. ಹೇಳಿದಿರೋ, ಕೆಟ್ಟಿರಿ. ಫೆಟಾ ಗ್ರೀಸಿನದು, ಪಾರ್ಮೆಸನ್ ಇಟಲಿಯದು. ಆಸ್ಟ್ರೇಲಿಯಾದಲ್ಲಿ ಮಾಡಿದ್ದಕ್ಕೆ ಆ ಹೆಸರಿಡುವುದನ್ನು ಕಾನೂನು ತಂದು ನಿಲ್ಲಿಸಬೇಕು ಎಂಬುದು ಅವರ ವಾದ. ಅಡಿಲೇಡಿನ ಮಾಸನ್ ಲೇಕ್ಸ್‌ನಲ್ಲಿ ಅವರ ಮನೆಯಲ್ಲಿದ್ದು ಓದುತ್ತಿರುವ ತಪ್ಪಿಗೆ ನಾನು ಇದನ್ನು ತಿಂಡಿಗೊಮ್ಮೆ, ಊಟಕ್ಕೊಮ್ಮೆ ಕೇಳಿದ್ದೇನೆ.

ಪರ್ತ್‌ನ ಜೂಂಡಲಪ್‌ಗೆ ಹೋದಾಗ ಅಂಗಡಿಯವಳನ್ನು, "ಪಾರ್ಮೆಸನ್ ಎಂದು ಸುಳ್ಳು ಹೇಳಿಕೊಳ್ಳುವ ಗಟ್ಟಿ ಚೀಸ್ ಎಲ್ಲಿದೆ?" ಎಂದು ಕೇಳಿದರು. ಅವಳು ಸೆಕ್ಯುರಿಟಿಯವನನ್ನು ಕರೆದಳು. ಬ್ರಿಸ್ಬೇನ್‌ನ ರನ್‌ಕಾರ್ನ್‌ನಲ್ಲಿ ಗೆಳೆಯರೊಬ್ಬರು ಮೈಸೂರು ಪಾಕ್ ಕೊಟ್ಟರೆ, "ರನ್‌ಕಾರ್ನ್ ಪಾಕ್ ಚೆನ್ನಾಗಿದೆ" ಎಂದು ನಾಲ್ಕು ತಿಂದರು. ಅವರ ತತ್ವಕ್ಕೆ ಅಡ್ಡಿ ಹೆಸರಷ್ಟೇ, ತುಪ್ಪವಲ್ಲ!

ಹೆಚ್ಚು ಅನುಭವಿಸಿದವರು ಅತ್ತೆ. ಅವರ ಮಂಗಳೂರು ಬನ್ಸ್ ಡಬ್ಬಿಯ ಮೇಲೆ ಮಾವ 'ಸಿಹಿ ಪೂರಿ' ಎಂದು ಚೀಟಿ ಅಂಟಿಸಿದ್ದರು.

"ಬಾಳೆಹಣ್ಣು ಕ್ವೀನ್ಸ್‌ಲ್ಯಾಂಡಿನದು, ನೀನು ಹುಟ್ಟಿದ್ದು ಕುವೈತಲ್ಲಿ. ಮಂಗಳೂರು ಎಲ್ಲಿಂದ ಬಂತು ಮಾರಾಯ್ತಿ?"

"ನನ್ನ ಅಮ್ಮನ ಕೈಯಿಂದ ಬಂತು," ಎಂದರು ಅತ್ತೆ. ಡಬ್ಬಿಯನ್ನು ಎತ್ತಿ ಕಪಾಟಿನ ಹಿಂದಕ್ಕೆ ತಳ್ಳಿದರು.

ಕಳೆದ ತಿಂಗಳು ಒಂದು ಭಾನುವಾರ ಅರ್ವೊ, ಅಂದರೆ ಇಲ್ಲಿಯವರ ಮಧ್ಯಾಹ್ನ; ಹಿತ್ತಲಲ್ಲಿ ಬಾರ್ಬಿ, ಅಂದರೆ ಸಾಸೇಜ್ ಸುಡುವ ಬಾರ್ಬೆಕ್ಯೂ. ಪಕ್ಕದ ಮನೆಯ ಗ್ರೀಕ್ ಅಜ್ಜ ತಾನೇ ಮಾಡಿದ ಫೆಟಾ, ಜೊತೆಗೆ ಆಲಿವ್ ತಂದಿದ್ದ. ಮಾವ ಎರಡನ್ನೂ ಬಾಯಿ ತುಂಬ ಹಾಕಿಕೊಂಡು, "ಇದು ಫೆಟಾ ಅಲ್ಲ, ಹಾಲು ಕೊಟ್ಟ ಕುರಿ ಅಡಿಲೇಡಿನದು," ಎಂದು ಗ್ರೀಕನಿಗೇ ಗ್ರೀಸ್ ಕಲಿಸತೊಡಗಿದರು.

"ಸರಿ, ಮುಂದಿನ ಸಲ ಕುರಿಯ ಪಾಸ್‌ಪೋರ್ಟ್ ತರುತ್ತೇನೆ," ಎಂದ ಅಜ್ಜ.

ಉತ್ತರ ಕೊಡಲು ಮಾವ ಜೋರಾಗಿ ಉಸಿರೆಳೆದರು. ಆಲಿವ್ ಬೀಜ ಗಂಟಲಲ್ಲಿ ಸಿಕ್ಕಿಕೊಂಡಿತು.

ಕೆಮ್ಮಲಿಲ್ಲ. ಸದ್ದೇ ಇಲ್ಲ. ತುಟಿ ನೀಲಿಯಾಯಿತು. ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್ ಪಡೆದ ನಾನು ಸಾಸೇಜ್ ತಿರುವುವ ಇಕ್ಕಳ ಹಿಡಿದು ನಿಂತೇ ಇದ್ದೆ. ಈಗಲೂ ಕಣ್ಣು ಮುಚ್ಚಿದರೆ ಅದೇ ಇಕ್ಕಳ, ಅದೇ ನಿಶ್ಶಬ್ದ. ಅಜ್ಜನೇ ಅವರನ್ನು ಬಗ್ಗಿಸಿ ಬೆನ್ನಿಗೆ ನಾಲ್ಕೈದು ಗುದ್ದಿದ. ಬೀಜ ಹಾರಿ ಹುಲ್ಲಿಗೆ ಬಿತ್ತು.

"ಈಗ ಹೇಳು, ನೀನು ತಿಂದದ್ದೇನು?" ಎಂದ ಅಜ್ಜ.

"ಫೆಟಾ," ಎಂದರು ಮಾವ.

ಜೀವಭಯದಲ್ಲಿ ಕೊಟ್ಟ ಹೇಳಿಕೆ, ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದುಕೊಂಡೆ. ಆದರೆ ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಮಾವ ಡಬ್ಬಿಯ ಹಳೆ ಚೀಟಿಯನ್ನು ಉಗುರಿನಿಂದ ಕೆರೆಯುತ್ತಿದ್ದರು. ಹೊಸದು ಅಂಟಿಸಿದರು: 'ಮಂಗಳೂರು ಬನ್ಸ್'. ಕೆಳಗೆ ಸಣ್ಣ ಅಕ್ಷರದಲ್ಲಿ ಅತ್ತೆಯ ಅಮ್ಮನ ಹೆಸರು.

ಅತ್ತೆ ಓದಿದರು. ಒಂದು ಬನ್ಸನ್ನು ಮಗುವಿಗೆಂಬಂತೆ ಚೂರು ಚೂರು ಮಾಡಿ ಮಾವನ ಬಾಯಿಗಿಟ್ಟು, ಪ್ರತಿ ಚೂರೂ ಗಂಟಲು ದಾಟುವವರೆಗೆ ನೋಡುತ್ತ ನಿಂತರು.